ರೋಗಿಗಳು ಬರುತ್ತಿಲ್ಲವೇ, ಕಳುಹಿಸುತ್ತಿಲ್ಲವೇ?

ಮಾನ್ಯರೇ,

ನಮ್ಮ ಭಾಗದ ಆಸ್ಪತ್ರೆಯ ಫಿಸಿಯೋಥೆರಪಿ ಕೊಠಡಿಗೆ ರೋಗಿಗಳೇ ಬರುತ್ತಿಲ್ಲವೆಂದು ಅಲ್ಲಿನವರು ಬೇಸರಪಟ್ಟುಕೊಂಡ ವರದಿಯನ್ನು ಸೋಮವಾರದ ಪತ್ರಿಕೆಯಲ್ಲಿ ಓದಿದೆ. ಮರುದಿನವೇ ಅದೇ ಆಸ್ಪತ್ರೆಯಲ್ಲಿ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಕುಳಿತು ಬಂದ ನನಗೆ ಆ ಬೇಸರಕ್ಕೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನನ್ನ ಅಕ್ಕ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿರುವವರು. ಎಲೆ ಕತ್ತರಿಸುವ ಬಲಗೈಯ ಮೊಣಕೈಯಲ್ಲಿ, ಹೊರಬದಿಗೆ, ಏಳು ತಿಂಗಳಿಂದ ನೋವು. ಒದ್ದೆ ಬಟ್ಟೆ ಹಿಂಡಲಾಗದು, ತೆಂಗಿನಕಾಯಿ ತುರಿಯಲಾಗದು, ಚಹಾದ ಲೋಟ ಎತ್ತುವಾಗಲೂ ಎಡಗೈ ಆಸರೆ ಬೇಕು. ಅದು ಟೆನಿಸ್ ಎಲ್ಬೋ ಎಂದು ಕೇಳಿದಾಗ ಜನ್ಮದಲ್ಲಿ ಟೆನಿಸ್ ಕಾಣದ ಅಕ್ಕ ನನ್ನ ಮುಖ ನೋಡಿದರು. ಮಣಿಕಟ್ಟನ್ನು ಎತ್ತುವ ಸ್ನಾಯುರಜ್ಜು ಮೊಣಕೈಯ ಎಲುಬಿಗೆ ಸೇರುವಲ್ಲಿ ಬರುವ ಈ ನೋವಿಗೆ ಆಟವೇ ಆಡಿರಬೇಕೆಂದಿಲ್ಲ, ಕತ್ತರಿ ಸಾಕು.

ಆರೋಗ್ಯ ಕೇಂದ್ರದವರು ಚೀಟಿ ಕೊಟ್ಟು ಇಲ್ಲಿಗೆ ಕಳುಹಿಸಿದ್ದರು; ಅದರಲ್ಲಿ ಕಾರಣ ಬರೆಯುವ ಜಾಗ ಖಾಲಿ. ಇಲ್ಲಿ ಎಕ್ಸ್‌ರೇ ತೆಗೆಸಿ, ಎಲುಬು ಸರಿ ಇದೆ ಎಂದು ಹೇಳಿ, ಮೂರನೆಯ ಬಾರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿದರು. ಬೆರಳು ಮರಗಟ್ಟುತ್ತದೆಯೇ, ಮೊಣಕೈ ಮಡಚುವಾಗ ಸಿಕ್ಕಿಕೊಳ್ಳುತ್ತದೆಯೇ, ಕುತ್ತಿಗೆಯಲ್ಲಿ ನೋವಿದೆಯೇ ಎಂದು ಕೇಳಿದವರಿಲ್ಲ. ‘ಕೈಗೆ ರೆಸ್ಟ್ ಕೊಡಿ’ ಎಂದರು. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಪಡೆಯುವವರಿಗೆ ಇದು ಎಂಥ ಅಮೂಲ್ಯ ಸಲಹೆ!

ಫಿಸಿಯೋಥೆರಪಿ ಓದುತ್ತಿರುವ ನನ್ನ ಮಗಳು ಆ ರಾತ್ರಿ ತೋರಿಸಿದ, ನೆದರ್ಲೆಂಡಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದ ಬಳಿಕ ಫಿಸಿಯೋಥೆರಪಿ ಪಡೆದವರಲ್ಲಿ ಶೇ. 91, ಏನೂ ಮಾಡದೆ ಕಾದವರಲ್ಲಿ ಶೇ. 83 ಮಂದಿ ಗುಣವಾಗಿದ್ದರೆ, ಇಂಜೆಕ್ಷನ್ ಚುಚ್ಚಿಸಿಕೊಂಡವರಲ್ಲಿ ಗುಣವಾದವರು ಶೇ. 69 ಮಾತ್ರ. ಮೊದಲ ಕೆಲವು ವಾರ ಮಾತ್ರ ಇಂಜೆಕ್ಷನ್ನೇ ಮೇಲಂತೆ. ಅಂದರೆ ಅಕ್ಕ ಮನೆಯಲ್ಲೇ ಕುಳಿತಿದ್ದರೆ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ವರದಿಯಲ್ಲಿ ಹೇಳಿದ ಆ ಕೊಠಡಿ ನಾವು ಕುಳಿತಿದ್ದ ಬೆಂಚಿಗೆ ಎದುರೇ ಇತ್ತು. ಬಾಗಿಲು ತೆರೆದಿತ್ತು, ಫ್ಯಾನ್ ತಿರುಗುತ್ತಿತ್ತು, ಮಂಚದ ಮೇಲಿನ ಹಸಿರು ಹೊದಿಕೆಯ ಇಸ್ತ್ರಿ ಗೆರೆ ಕೂಡ ಮಾಸಿರಲಿಲ್ಲ. ಅಲ್ಲಿಗೆ ಹೋಗಬಹುದೇ ಎಂದು ಕೇಳಿದ್ದಕ್ಕೆ ‘ಡಾಕ್ಟ್ರು ಬರೆದುಕೊಡಬೇಕು’ ಎಂದರು. ಡಾಕ್ಟರು ಅಷ್ಟರಲ್ಲಿ ಊಟಕ್ಕೆ ಹೋಗಿದ್ದರು.

ಇದೇನು ಹೊಸತಲ್ಲ. ಬೀಡಿ ಕಾರ್ಮಿಕರ ಕ್ಷೇಮಕ್ಕೆಂದು 1976ರ ಕಾಯ್ದೆಯಂತೆ ಸಂಗ್ರಹಿಸುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಇನ್ನು ಇವರ ಕೈಕಾಲು ನೋವಿಗೆ ಯಾರು ದಿಕ್ಕು ಎಂದು ಆಗಲೇ ಮನವಿ ಬರೆದು ಕೊಟ್ಟಿದ್ದೆ. ಸೀಲು ಹೊಡೆದ ನಕಲು ಇನ್ನೂ ನನ್ನ ಕಪಾಟಿನಲ್ಲಿದೆ, ಉತ್ತರ ಬಂದಿಲ್ಲ. ಅಂದಿನಿಂದ ಎಷ್ಟೋ ಅಧಿಕಾರಿಗಳು ಬಂದು, ಸನ್ಮಾನದ ಶಾಲು ಹೊದ್ದುಕೊಂಡು, ವರ್ಗವಾಗಿ ಹೋದರು.

ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು. ಮೊದಲ ಭೇಟಿಯಲ್ಲೇ ಎದುರಿನ ಕೊಠಡಿಗೆ ಬರೆದುಕೊಡಲಿ, ಚೀಟಿಯಲ್ಲಿ ಕಾರಣವನ್ನೂ ಬರೆಯಲಿ. ಅದೂ ಆಗದಿದ್ದರೆ, ರೋಗಿಗಳು ಬರುತ್ತಿಲ್ಲವೆಂದು ಪತ್ರಿಕೆಯವರ ಮುಂದೆ ಗೋಳಾಡುವುದನ್ನಾದರೂ ನಿಲ್ಲಿಸಲಿ.

– ನಿವೃತ್ತ ಶಿಕ್ಷಕ, ಮಂಗಳೂರು