ಇಕ್ಕೇರಿಯಿಂದ ಹೋದ ಓಲೆಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕೆಳದಿ ಅರಸರ ಚರಿತ್ರೆ ಓದಲು ಕೂತಿದ್ದೀಯ, ಹೊರಗಿನಿಂದ ಬಂದವರ ಬರಹಗಳಲ್ಲಿ ಯಾವುದನ್ನು ನೆಚ್ಚಬಹುದು ಎಂದು ಕೇಳಿದ್ದೀಯ. ನಾನು ಮೊದಲು ಹೇಳುವ ಹೆಸರು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. ಅವನು ಕೆಳದಿ ಅರಸರ ರಾಜಧಾನಿ ಇಕ್ಕೇರಿಯಲ್ಲಿದ್ದದ್ದು 1623ರ ನವೆಂಬರಿನ ಕೆಲವೇ ದಿನ. ಆದರೂ ಆಗಿನ ಅರಸ ವೆಂಕಟಪ್ಪ ನಾಯಕನ ಊರು ಹೇಗಿತ್ತು, ದೇವಸ್ಥಾನದಲ್ಲಿ ಏನು ನಡೆಯುತ್ತಿತ್ತು, ಬೀದಿಯಲ್ಲಿ ಹೆಣ್ಣುಮಕ್ಕಳು ಏನಾಡುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡು, ತಾರೀಖು ಹಾಕಿ ಬರೆದಿಟ್ಟ. ನಮ್ಮ ‘ಕೆಳದಿ ನೃಪವಿಜಯ’ವನ್ನು ಲಿಂಗಣ್ಣ ಕವಿ ಬರೆದದ್ದು ಹದಿನೆಂಟನೆಯ ಶತಮಾನದಲ್ಲಿ, ಅಂದರೆ ನೂರು ವರ್ಷಕ್ಕೂ ಮೇಲೆ. ಆ ಕಾವ್ಯ ಅರಮನೆಯ ನೆನಪು, ಈ ಓಲೆಗಳು ಆಯಾ ವಾರದ ಸುದ್ದಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಅವನು ರೋಮಿನ ಕುಲೀನ ಮನೆತನದವನು, ಹುಟ್ಟಿದ್ದು 1586ರಲ್ಲಿ. ಪ್ರೀತಿಸಿದ ಹುಡುಗಿ ಕೈತಪ್ಪಿದ ಮೇಲೆ ನೇಪಲ್ಸಿನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊ ದೇಶ ಸುತ್ತಿ ಬಾ ಎಂದ. 1614ರ ಜೂನಿನಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದವನು ರೋಮಿಗೆ ಮರಳಿದ್ದು 1626ರ ಮಾರ್ಚಿನಲ್ಲಿ. ತುರ್ಕಿ, ಈಜಿಪ್ಟ್, ಜೆರುಸಲೇಮ್, ಬಾಗ್ದಾದ್, ಪರ್ಷಿಯ, ಕೊನೆಗೆ ನಮ್ಮ ಪಶ್ಚಿಮ ಕರಾವಳಿ. ಹೋದಲ್ಲೆಲ್ಲ ದಿನಚರಿ ಇಟ್ಟ, ಅದರ ಆಧಾರದಿಂದ ಸ್ಕಿಪಾನೊಗೆ ಉದ್ದುದ್ದದ ಪತ್ರ ಬರೆದ. ಅಚ್ಚಾದವು 54. ಇವನ್ನೆಲ್ಲ ತಿದ್ದಿ ತೀಡಿ ಒಂದು ಗಂಭೀರ ಇತಿಹಾಸ ಮಾಡು ಎಂದು ಗೆಳೆಯನನ್ನು ಕೇಳಿಕೊಂಡಿದ್ದ. ಸ್ಕಿಪಾನೊ ಆ ಕೆಲಸಕ್ಕೆ ಕೈಹಾಕಲೇ ಇಲ್ಲ. ನಮಗೆ ಅದರಿಂದ ಒಳ್ಳೆಯದೇ ಆಯಿತು. ತಿದ್ದಿದ್ದರೆ ಮೊದಲು ಉದುರುತ್ತಿದ್ದವು ಸಣ್ಣಪುಟ್ಟ ವಿವರಗಳು, ನಮಗೆ ಬೇಕಾದವು ಅವೇ.

ಇತಿಹಾಸಕಾರನಾಗಿಯೂ ಅವನ ಕೆಲಸ ಕಡಿಮೆಯದಲ್ಲ. ಪರ್ಷಿಯದ ಶಾ ಅಬ್ಬಾಸನನ್ನು ಹತ್ತಿರದಿಂದ ನೋಡಿ ಬರೆದ ಪುಸ್ತಕ 1628ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಜಾರ್ಜಿಯ ದೇಶದ ಸ್ಥಿತಿಗತಿಯ ವರದಿಯನ್ನು ಪೋಪ್ ಎಂಟನೆಯ ಅರ್ಬನ್‌ಗೆ ಒಪ್ಪಿಸಿದ. ಅವನ ಕಣ್ಣು ಎಷ್ಟು ಚುರುಕೆಂದು ತಿಳಿಯಲು 1621ರ ಅಕ್ಟೋಬರ್ 21ರಂದು ಶಿರಾಜಿನಿಂದ ಬರೆದ ಪತ್ರ ಸಾಕು. ಪರ್ಸೆಪೊಲಿಸ್‌ನ ಹಾಳುಬಿದ್ದ ಅರಮನೆಯ ಕಲ್ಲುಗಳ ಮೇಲಿನ ಬೆಣೆಯಾಕಾರದ ಲಿಪಿಯಿಂದ ಐದು ಚಿಹ್ನೆಗಳನ್ನು ನಕಲು ಮಾಡಿದ. ಲಂಬ ಗೆರೆಗಳ ದಪ್ಪ ತಲೆ ಮೇಲುಗಡೆ ಇದೆ, ಅಡ್ಡ ಗೆರೆಗಳ ದಪ್ಪ ತಲೆ ಎಡಗಡೆ ಇದೆ, ಆದ್ದರಿಂದ ಇದನ್ನು ಎಡದಿಂದ ಬಲಕ್ಕೆ ಬರೆದಿರಬೇಕು ಎಂದು ತರ್ಕಿಸಿದ. ಒಂದಕ್ಷರವನ್ನೂ ಓದಲಾಗದೆ ಬರಹದ ದಿಕ್ಕನ್ನು ಸರಿಯಾಗಿ ಹೇಳಿದ. ಆ ಲಿಪಿಯನ್ನು ಓದಲು ಯುರೋಪಿಗೆ ಇನ್ನೂ ಸುಮಾರು ಇನ್ನೂರು ವರ್ಷ ಬೇಕಾಯಿತು.

ಬಾಗ್ದಾದಿನಲ್ಲಿ ಅವನು ಮದುವೆಯಾದದ್ದು ಮಾನಿ ಎಂಬ ಸಿರಿಯಾಕ್ ಕ್ರೈಸ್ತ ಹೆಣ್ಣುಮಗಳನ್ನು. 1621ರ ಡಿಸೆಂಬರ್ 30ರಂದು ಪರ್ಷಿಯದ ಮಿನಾಬ್‌ನಲ್ಲಿ ಅವಳು ತೀರಿಕೊಂಡಳು. ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, 1626ರ ಜುಲೈನಲ್ಲಿ ರೋಮಿನ ಅರಾಚೇಲಿ ಚರ್ಚಿನಲ್ಲಿ ಮಣ್ಣು ಮಾಡಿದ. ಕನ್ನಡ ನಾಡಿನಲ್ಲಿ ಓಡಾಡುವಾಗ ಅವನ ಹೆಂಡತಿಗೆ ಇನ್ನೂ ಸಮಾಧಿಯಾಗಿರಲಿಲ್ಲ. ಇಕ್ಕೇರಿಯ ಪತ್ರ ಓದುವಾಗ ಇದು ನಿನ್ನ ನೆನಪಿನಲ್ಲಿರಲಿ.

1623ರ ಅಕ್ಟೋಬರಿನಲ್ಲಿ ಪೋರ್ಚುಗೀಸರ ರಾಯಭಾರಿಯೊಬ್ಬ ವೆಂಕಟಪ್ಪ ನಾಯಕನ ಬಳಿಗೆ ಗೋವೆಯಿಂದ ಹೊರಟ. ಗೋವೆಗೆ ನಾಯಕನ ರಾಯಭಾರಿಯಾಗಿ ಹೋಗಿದ್ದ ವಿಠ್ಠಲ ಶೆಣೈ ಎಂಬವನೂ ಜೊತೆಗಿದ್ದ. ಪಿಯೆತ್ರೊ ಕುತೂಹಲಕ್ಕೆಂದೇ ಆ ತಂಡ ಸೇರಿಕೊಂಡ. ಹೊನ್ನಾವರ, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆ, ಆಮೇಲೆ ಘಟ್ಟ. ಘಟ್ಟದ ದಾರಿಯ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ನೆಲಕ್ಕೆ ಹರಡಿದ ನುಣ್ಣನೆಯ ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ಉಳಿದವರು ಹಾಗೆಯೇ ಹಾಡಿ ಬರೆಯುವುದು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ಮೇಷ್ಟ್ರಿಲ್ಲ, ಕಾಗದವಿಲ್ಲ. ಮರೆತರೆ ಯಾರು ತಿದ್ದುತ್ತಾರೆ ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲವಲ್ಲ ಎಂಬರ್ಥದ ಉತ್ತರ ಬಂತಂತೆ. ನಮ್ಮ ಹಳೆಯ ಮಠದ ಶಾಲೆಗಳ ಬಗ್ಗೆ ಇಷ್ಟು ಹಿಂದಿನ, ಇಷ್ಟು ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಅಪರೂಪ.

ಇಕ್ಕೇರಿಗೆ ಮೂರು ಸುತ್ತಿನ ಕಾವಲು. ಹೊರಗಿನ ಎರಡು ಸುತ್ತು ಕಲ್ಲಿನವಲ್ಲ, ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರು ಮೆಳೆ. ಅಘೋರೇಶ್ವರನ ಗುಡಿಯನ್ನು ವಿವರವಾಗಿ ನೋಡಿ ಬರೆದಿದ್ದಾನೆ. ಗೌರಿಯ ಹಬ್ಬದ ರಾತ್ರಿಗಳಲ್ಲಿ ಹೆಂಗಸರು ಬಣ್ಣದ ಸಣ್ಣ ಕೋಲುಗಳನ್ನು ತಾಳಕ್ಕೆ ತಕ್ಕಂತೆ ತಟ್ಟುತ್ತ ಸುತ್ತು ಕುಣಿಯುವುದನ್ನು ಕಂಡ. ಒಬ್ಬಿಬ್ಬರು ಹಾಡಿದ ಸೊಲ್ಲಿಗೆ ಮಿಕ್ಕವರು ‘ಕೋಲೆ, ಕೋಲೆ, ಕೋಲೆ’ ಎಂದು ದನಿಗೂಡಿಸುತ್ತಿದ್ದರಂತೆ. ಅರ್ಥ ಗೊತ್ತಿಲ್ಲ, ಸಂತೋಷದ ಮಾತಿರಬೇಕು ಎಂದು ಬರೆದ. ಅವನ ಕಿವಿಯನ್ನು ನಂಬಲು ನನಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇನ್ನು ಓದುವಾಗ ಎಡವುವ ಜಾಗಗಳು. ಮೊದಲನೆಯದು ಹೆಸರು. ಅವನು ಇಟಾಲಿಯನ್ ಕಾಗುಣಿತದಲ್ಲಿ ಬರೆಯುತ್ತಾನೆ, ಇಂಗ್ಲಿಷಿನಂತೆ ಓದಿದರೆ ದಾರಿ ತಪ್ಪುತ್ತದೆ. ರೋಮನ್ ‘ಜಿ’ ಮತ್ತು ‘ಐ’ ಜೊತೆಯಾಗಿ ಮುಂದೆ ಸ್ವರ ಬಂದರೆ ಜಕಾರ, ‘ಸಿ’ ಮತ್ತು ‘ಐ’ ಜೊತೆಯಾದರೆ ಚಕಾರ. ‘ಜಿ’ಯ ಪಕ್ಕ ‘ಎಚ್’ ಇದ್ದರೆ ಗಕಾರ. ಹೀಗೆ ಬಿಡಿಸಿದರೆ ಉಳ್ಳಾಲದ ರಾಣಿಯ ಹೆಸರಿನ ಕೊನೆಯ ತುಂಡು ‘ಚೌತ್ರು’ ಎಂದಾಗುತ್ತದೆ, ಅದು ಚೌಟ ಮನೆತನ. ಹೆಸರನ್ನು ಮೊದಲು ಬಾಯಿಬಿಟ್ಟು ಹೇಳು, ಆಮೇಲೆ ನಕ್ಷೆಯಲ್ಲಿ ಹುಡುಕು.

ತಾರೀಖಿನಲ್ಲೂ ಎಚ್ಚರ ಬೇಕು. ಅವನದು ಗ್ರೆಗೋರಿಯನ್ ಪಂಚಾಂಗ. ಆಗಿನ ಇಂಗ್ಲಿಷರು ಹಳೆಯ ಪಂಚಾಂಗವನ್ನೇ ಇಟ್ಟುಕೊಂಡಿದ್ದರು, 10 ದಿನ ಹಿಂದೆ. ಸೂರತ್ತಿನ ಇಂಗ್ಲಿಷ್ ವ್ಯಾಪಾರ ಕೋಠಿಯ ಕಾಗದಗಳೊಂದಿಗೆ ತಾಳೆ ನೋಡುವಾಗ ಈ 10 ದಿನ ಕೂಡಿಸದಿದ್ದರೆ ಒಂದೇ ಘಟನೆ ಎರಡಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ, ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿಕೋ. ಅವನಿಗೆ ತುರ್ಕಿ, ಪಾರ್ಸಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಇಲ್ಲಿ ನಡೆದ ಮಾತುಕತೆಗೆಲ್ಲ ದುಭಾಷಿಯೇ ಗತಿ. ಗೇರುಸೊಪ್ಪೆಯ ರಾಣಿ ಪರಕೀಯನೊಬ್ಬನನ್ನು ನಂಬಿ ಕೆಟ್ಟಳು, ನಾಡು ವೆಂಕಟಪ್ಪನ ಪಾಲಾಯಿತು ಎಂಬ ಕಥೆ ಬರೀ ಕೇಳಿದ್ದು. ಗೆದ್ದವರ ಸೀಮೆಯಲ್ಲಿ ಸೋತವಳ ಬಗ್ಗೆ ಹಬ್ಬಿದ ಮಾತು ಅದು. ಅದೇ ಊರು ಕಾಡು ಬೆಳೆದು ಹಾಳಾಗಿತ್ತು ಎಂಬುದು ಕಂಡದ್ದು. ಮೊದಲನೆಯದನ್ನು ಐತಿಹ್ಯವೆಂದು ಬರೆದುಕೋ, ಎರಡನೆಯದನ್ನು ಸಾಕ್ಷ್ಯವೆಂದು.

ಉಳ್ಳಾಲದ ರಾಣಿ ಅಬ್ಬಕ್ಕನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಂಗಳೂರಿನಿಂದ ಒಳಗಿನ ಮಾನೆಲ್ ಎಂಬಲ್ಲಿ ರಾಣಿಯನ್ನು ಅವನು ಬೀದಿಯಲ್ಲೇ ಕಂಡ. ಬರಿಗಾಲು, ಸಾದಾ ಹತ್ತಿಬಟ್ಟೆ, ಮೇಲೆ ಹಿಡಿದ ಓಲೆಕೊಡೆ. ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ನಡೆದೇ ಹೊರಟಿದ್ದಳು. ವಯಸ್ಸು ನಲವತ್ತರ ಆಸುಪಾಸು ಎಂದು ಅಂದಾಜಿಸಿದ. ನೋಟಕ್ಕೆ ಅಡುಗೆಮನೆಯ ಆಳಿನಂತಿದ್ದಳು, ಬಾಯಿ ತೆರೆದಾಗ ರಾಣಿಯಾದಳು ಎಂಬರ್ಥದಲ್ಲಿ ಬರೆದಿದ್ದಾನೆ. ಮೊದಲ ಅರ್ಧ ಯುರೋಪಿನ ಕುಲೀನನ ಕಣ್ಣಿನ ದೋಷ. ಎರಡನೆಯ ಅರ್ಧದ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಈಗ ಲೆಕ್ಕ ಹಾಕು. 1623ರಲ್ಲಿ ನಲವತ್ತಾದರೆ ಹುಟ್ಟಿದ್ದು 1583ರ ಹೊತ್ತಿಗೆ. 1550–60ರ ದಶಕಗಳಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಇವಳಾಗಿರಲು ಸಾಧ್ಯವಿಲ್ಲ. ಜನಪದ ಒಬ್ಬಳನ್ನಾಗಿ ಬೆಸೆದ ರಾಣಿಯರನ್ನು ಬಿಡಿಸಿ ನೋಡಲು ಈ ಒಂದು ಅಂದಾಜು ನೆರವಾಗುತ್ತದೆ. ನೆರೆಯ ಸೀಮೆಯ ಬಂಗರಸನೊಂದಿಗಿನ ಅವಳ ಜಗಳದ ಕಥೆಯೂ ಅವನಲ್ಲಿದೆ. ಆದರೆ ಅವನು ಬಂದದ್ದು ಪೋರ್ಚುಗೀಸರ ಜೊತೆ, ಪೋರ್ಚುಗೀಸರು ಬಂಗನ ಕಡೆಯವರು.

ಇಕ್ಕೇರಿಯ ಜಕ್ಕಮ್ಮನ ಪುಟಗಳನ್ನು ನಿಧಾನವಾಗಿ ಓದು. ಅವಳು ತೆಲುಗು ಜನದವಳು, ನಗಾರಿ ಬಾರಿಸುವವನ ಹೆಂಡತಿ. ಗಂಡ ಸತ್ತಿದ್ದ, ಸಹಗಮನಕ್ಕೆ ನಿಂತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಮೆರವಣಿಗೆ ಹೋದವಳನ್ನು ಅವಳ ಮನೆಗೇ ಹೋಗಿ ಮಾತಾಡಿಸಿದ, ಬೇಡವೆಂದು ಹೇಳಿನೋಡಿದ. ಯಾರ ಬಲವಂತವೂ ಇಲ್ಲ ಎಂದಳಂತೆ, ಅವನು ನಂಬಿದ. ಆ ಉತ್ತರ ಬಂದದ್ದು ನೆಂಟರಿಷ್ಟರ ನಡುವೆ, ದುಭಾಷಿಯ ಬಾಯಿಂದ. ಅದನ್ನು ಅವಳ ಮನಸ್ಸಿನ ಮಾತೆಂದು ಒಪ್ಪಲು ನಾನು ಸಿದ್ಧನಿಲ್ಲ. ನಿನ್ನ ಹೆಸರು ಅಳಿಯದಂತೆ ಬರೆಯುತ್ತೇನೆ ಎಂದು ಅವಳಿಗೆ ಮಾತು ಕೊಟ್ಟ, ಹಾಗೆಯೇ ನಡೆದುಕೊಂಡ. ವೀರಗಲ್ಲು, ಮಾಸ್ತಿಕಲ್ಲುಗಳ ನಾಡಿನಲ್ಲಿ ಹೆಸರಿಲ್ಲದೆ ಹೋದ ಎಷ್ಟೋ ಹೆಂಗಸರ ನಡುವೆ ಇವಳ ಹೆಸರು ಉಳಿದಿದೆ.

ಭಾರತದ ಸಂಪುಟ ಇಟಾಲಿಯನ್ನಿನಲ್ಲಿ ಅಚ್ಚಾದದ್ದು 1663ರಲ್ಲಿ, ಅವನು ಸತ್ತು 11 ವರ್ಷದ ಮೇಲೆ. ಸುಲಭಕ್ಕೆ ಸಿಗುವುದು ಹದಿನೇಳನೆಯ ಶತಮಾನದ ಇಂಗ್ಲಿಷ್ ಅನುವಾದ, ಎಡ್ವರ್ಡ್ ಗ್ರೇ ಟಿಪ್ಪಣಿಗಳೊಂದಿಗೆ 1892ರಲ್ಲಿ ಹ್ಯಾಕ್ಲೂಯ್ಟ್ ಸೊಸೈಟಿ ಎರಡು ಸಂಪುಟಗಳಲ್ಲಿ ತಂದದ್ದು. ಮೊದಲ ಪುಟದಿಂದ ಶುರುಮಾಡಬೇಡ. ಹೊನ್ನಾವರದ ಅಕ್ಟೋಬರ್ 30ರ ಪತ್ರ, ಇಕ್ಕೇರಿಯ ನವೆಂಬರ್ 22ರದು, ಮಂಗಳೂರಿನ ಡಿಸೆಂಬರ್ 9ರದು, ಗೋವೆಗೆ ಮರಳಿ ಬರೆದ 1624ರ ಜನವರಿ 31ರದು, ಈ ನಾಲ್ಕನ್ನು ಇದೇ ಸಾಲಿನಲ್ಲಿ ಓದು. ಪುಟದ ಅಂಚಿನಲ್ಲಿ ‘ಕಂಡದ್ದು’, ‘ಕೇಳಿದ್ದು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗು. ನಾಲ್ಕೂ ಮುಗಿದ ಮೇಲೆ ಲಿಂಗಣ್ಣನ ವೆಂಕಟಪ್ಪ ನಾಯಕನ ಭಾಗ ತೆಗೆದುಕೋ. ಎಲ್ಲೆಲ್ಲಿ ಇಬ್ಬರ ಮಾತೂ ಕೂಡುವುದಿಲ್ಲವೋ ಆ ಜಾಗಗಳ ಪಟ್ಟಿ ಮಾಡಿ ನನಗೆ ಕಳಿಸು.

ನಿನ್ನ ಗೆಳೆಯ