ಪರೀಕ್ಷೆಯೇ ಮಾಡದೆ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದು ಬರೆದುಕೊಟ್ಟ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಮುಖ್ಯ ಕಚೇರಿ, ಬೆಂಗಳೂರು

ಮಾನ್ಯರೇ,

ಪುಣೆಯ ನಿಮ್ಮ ವರ್ಕ್‌ಶಾಪಿಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ನಿಮ್ಮ ಗ್ರಾಹಕ ಸೇವಾ ಸಂಖ್ಯೆಗೆ ಎರಡು ಸಲ. ಪ್ರತಿ ಸಲವೂ ‘24 ಗಂಟೆಯೊಳಗೆ ಕರೆ ಮಾಡುತ್ತೇವೆ’ ಎಂದರು, ಒಬ್ಬರೂ ಮಾಡಲಿಲ್ಲ. ಹಾಗಾಗಿ ಈ ಪತ್ರ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಕಚೇರಿ ಬೆಂಗಳೂರಿನದು, ಪುಣೆ ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ನಮ್ಮ ಉತ್ತರ ಕರ್ನಾಟಕದವರು, ಮತ್ತು ಅವರು ಆಡಿದ ಮಾತು ಬೇರೆ ಭಾಷೆಗೆ ಹೋಗಿ ಮೆತ್ತಗಾಗದೆ ಇದ್ದ ಹಾಗೇ ನಿಮ್ಮನ್ನು ಮುಟ್ಟಬೇಕು.

ಗಾಡಿ 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿರುವುದು 61,000 ಕಿ.ಮೀ. ಜಾಬ್ ಕಾರ್ಡಿನಲ್ಲಿ ದೂರನ್ನು ನಾನೇ ಹೇಳಿ ಬರೆಸಿದ್ದೆ: ನವಲೆ ಸೇತುವೆಯ ಹತ್ತಿರ ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಸೂಜಿ ಏರುತ್ತದೆ, ದಾರಿ ತೆರವಾಗಿ ಗಾಡಿ ಓಡತೊಡಗಿದರೆ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಸತಾರಾ ದಾರಿಯ ಖಂಬಾಟಕಿ ಘಾಟ್ ಹತ್ತುವಾಗ ಏನೂ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ, ಸೂಜಿ ಏರುವ ಮೊದಲೇ, ಎಸಿ ಬಿಸಿಗಾಳಿ ಊದುತ್ತದೆ. ರಿಸರ್ವಾಯರ್‌ನಲ್ಲಿ ಇಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟ್‌ನ, ಮಟ್ಟ ಇಳಿದಿಲ್ಲ.

ಈ ನಾಲ್ಕು ಮಾತನ್ನು ಕೇಳಿದ ಮೆಕ್ಯಾನಿಕ್‌ನ ಕೈ ಮೊದಲು ಹೋಗಬೇಕಾದದ್ದು ರೇಡಿಯೇಟರ್ ಫ್ಯಾನಿನ ಕಡೆಗೆ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ಈ ಗಾಡಿಯಲ್ಲಿ ಎಸಿ ಕಂಡೆನ್ಸರಿಗೂ ಅದೇ ಫ್ಯಾನು. ಅದು ತಿರುಗದಿದ್ದರೆ ಕಂಡೆನ್ಸರಿನ ಬಿಸಿ ಹೊರಹೋಗುವುದಿಲ್ಲ, ಗ್ಯಾಸಿನ ಒತ್ತಡ ಏರುತ್ತದೆ, ಎಸಿ ತಂಪು ಕೊಡುವುದನ್ನು ಬಿಡುತ್ತದೆ. ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂತು ಸಿಲಿಂಡರಿನ ಒತ್ತಡ, ಕೂಲಂಟ್, ಆಯಿಲ್ ಒಂದಕ್ಕೊಂದು ಸೇರದಂತೆ ತಡೆಯುವ ಹಾಳೆ. ಅದು ಹೋದ ಗಾಡಿಯ ನಡವಳಿಕೆ ಬೇರೆ. ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತದೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ, ರಿಸರ್ವಾಯರ್‌ನಲ್ಲಿ ಗುಳ್ಳೆ ಏಳುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಹೋಸ್ ಕಲ್ಲಿನಂತೆ ಬಿಗಿಯುತ್ತದೆ. ಎಲ್ಲ ಗಾಡಿಯಲ್ಲೂ ಇವೆಲ್ಲ ಒಟ್ಟಿಗೆ ಕಾಣುವುದಿಲ್ಲ, ನಿಜ. ಆದರೆ ಘಾಟ್ ಹತ್ತುವಾಗ ಸಿಲಿಂಡರಿನ ಒತ್ತಡ ಅತಿ ಹೆಚ್ಚಿರುತ್ತದೆ. ಹೋದ ಗ್ಯಾಸ್ಕೆಟ್ ಅಲ್ಲಿ ಸುಮ್ಮನಿದ್ದು ಸಿಗ್ನಲ್‌ನಲ್ಲಿ ಮಾತ್ರ ತೊಂದರೆ ಕೊಡುತ್ತದೆ ಎಂದರೆ ಅದಕ್ಕೆ ಪುರಾವೆ ತೋರಿಸಬೇಕು.

ನಿಮ್ಮ ಅಡ್ವೈಸರ್ ತೋರಿಸಿದ ಪುರಾವೆ ಆಯಿಲ್ ತುಂಬುವ ಬಾಯಿಯ ಮುಚ್ಚಳ. ಆ ಹತ್ತು ನಿಮಿಷವನ್ನು ಪೂರ್ತಿ ಬರೆಯುತ್ತೇನೆ.

ಜುಲೈ ತಿಂಗಳ ಮಳೆ. ವೇಟಿಂಗ್ ಹಾಲ್‌ನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಅವರೆಲ್ಲರ ನಡುವೆ ಮುಚ್ಚಳವನ್ನು ನನ್ನ ಮುಖದೆದುರು ಹಿಡಿದು ಹೇಳಿದರು: “ನೋಡ್ರಿ ಅಕ್ಕಾರ, ಹಾಲು ಹಾಕಿದ ಚಾದಂಗ ಆಗೈತಿ. ನೀರು ಆಯಿಲ್‌ನ್ಯಾಗ ಕೂಡೈತಿ. ಹೆಡ್ ಗ್ಯಾಸ್ಕೆಟ್ ಹೋಗೈತಿ. ಇಂಜಿನ್ ಬಿಚ್ಚಬೇಕಾಗತೈತಿ.”

ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ತೋರಿಸಿ ಎಂದೆ. “ಅದೇನು ಬೇಕಾಗಿಲ್ರಿ” ಎಂದರು.

ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ನಾಲ್ಕು ನಾಲ್ಕು ಕಿ.ಮೀ. ಓಡುವ ಗಾಡಿ ಇದು, ಆಯಿಲ್ ಪೂರ್ತಿ ಕಾಯುವುದರೊಳಗೆ ಇಂಜಿನ್ ಬಂದ್ ಆಗುತ್ತದೆ, ಒಳಗಿನ ತೇವ ತಣ್ಣನೆಯ ಮುಚ್ಚಳಕ್ಕೆ ತಗುಲಿ ಆಯಿಲ್ ಜೊತೆ ಸೇರಿ ಕೆನೆ ಕಟ್ಟುತ್ತದೆ, ಒಂದು ತಾಸು ಹೈವೇಯಲ್ಲಿ ಓಡಿಸಿದರೆ ಹೋಗುತ್ತದೆ ಎಂದು ವಿವರಿಸಿದೆ. ಕೂಲಂಟ್ ನಿಜವಾಗಿ ಆಯಿಲ್‌ಗೆ ಸೇರಿದ್ದರೆ ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಇರಬೇಕು, ಆಯಿಲ್ ಮಟ್ಟವೂ ಏರಿರಬೇಕು ಎಂದೆ. ಅವರು ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ನಿಂತಿದ್ದ ಹುಡುಗ ಮೆಲ್ಲಗೆ ಮರಾಠಿಯಲ್ಲಿ, “ಸರ್, ಫ್ಯಾನ್ ಏಕದಾ ಬಘೂ ಕಾ?” ಎಂದು ಕೇಳಿದ. ಒಮ್ಮೆ ಫ್ಯಾನ್ ನೋಡಲೇ ಎಂದಷ್ಟೇ ಅವನು ಕೇಳಿದ್ದು. ಅವನನ್ನು ಗದರಿಸಿ ಬೇರೆ ಗಾಡಿಗೆ ಕಳಿಸಿದರು. ಆ ಗದರಿಕೆಯೂ ನನ್ನ ಈ ದೂರಿನ ಭಾಗ.

ಬ್ಲಾಕ್ ಟೆಸ್ಟ್ ಮಾಡಿ, ಇಲ್ಲವೇ ಕಂಪ್ರೆಷನ್ ಟೆಸ್ಟ್ ಮಾಡಿ, ದುಡ್ಡು ಎಷ್ಟಾಗುತ್ತದೋ ಕೊಡುತ್ತೇನೆ ಎಂದೆ. ಆಗ ಅವರು ದನಿ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ್ದು ಇದು: “ಇಪ್ಪತ್ತು ವರ್ಷ ಆತ್ರಿ ನಾ ಈ ಕೆಲಸದಾಗ. ನಿಮಗ ಟೆಸ್ಟ್ ಬೇಕೋ, ಗಾಡಿ ಬೇಕೋ? ಮನ್ಯಾಗ ಗಂಡಸ್ರು ಯಾರರ ಇದ್ರ ಕಳಸ್ರಿ, ಅವರಿಗೆ ತಿಳಿಸಿ ಹೇಳತೀನಿ.”

ಇಬ್ಬರು ನಕ್ಕರು. ಒಬ್ಬರು ಮೊಬೈಲಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಅಡ್ವೈಸರ್ ಆ ಮುಚ್ಚಳವನ್ನು ನನ್ನ ಫೈಲಿನ ಮೇಲೆ, ಜಿಡ್ಡಿನ ಕಡೆ ಕೆಳಗೆ ಮಾಡಿ ಇಟ್ಟು, ಇನ್ನೊಬ್ಬ ಗ್ರಾಹಕರ ಕಡೆ ತಿರುಗಿದರು. ಇಪ್ಪತ್ತು ನಿಮಿಷದ ಮೇಲೆ 36,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 42,480 ರೂಪಾಯಿಯ ಎಸ್ಟಿಮೇಟ್ ಕೈಗೆ ಬಂತು. ಬೇಡ ಎಂದಾಗ ‘ತಪಾಸಣಾ ಶುಲ್ಕ’ 1,770 ಕಟ್ಟಿಸಿಕೊಂಡರು. ಜೊತೆಗೆ ‘ಇಂಜಿನ್ ಸೀಜ್ ಆದರೆ ಕಂಪನಿ ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ. ಸಹಿ ಹಾಕದೆ ಕೀ ಕೊಡುವುದಿಲ್ಲ ಎಂದರು.

ಮೆಕ್ಯಾನಿಕ್ ಹೇಳಿದ್ದನ್ನು ನಂಬಬೇಕೋ ಬೇಡವೋ ಎಂದು ಅವರ ಅನುಭವದ ವರ್ಷ ಎಣಿಸಿ ತೀರ್ಮಾನಿಸಲು ಬರುವುದಿಲ್ಲ. ಅವರ ಮಾತು ತಪ್ಪಾಗಿದ್ದರೆ ತಪ್ಪೆಂದು ತೋರಿಸಬಲ್ಲ ಪರೀಕ್ಷೆಯನ್ನು ಮಾಡಿದ್ದಾರೆಯೇ ಎಂದು ನೋಡಬೇಕು. ಹೆಡ್ ಗ್ಯಾಸ್ಕೆಟ್‌ಗೆ ಅಂಥ ಪರೀಕ್ಷೆಗಳಿವೆ, ಯಾವುದಕ್ಕೂ ಇಂಜಿನ್ ಬಿಚ್ಚಬೇಕಾಗಿಲ್ಲ. ಬ್ಲಾಕ್ ಟೆಸ್ಟ್‌ನಲ್ಲಿ ಕೂಲಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಅದರಲ್ಲಿ ಸೇರಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಆ ದ್ರವ ಗಾಡಿಯ ಮಾಲೀಕರು ಗಂಡಸೋ ಹೆಂಗಸೋ ಎಂದು ನೋಡಿ ಬಣ್ಣ ಬದಲಿಸುವುದಿಲ್ಲ. ಕಂಪ್ರೆಷನ್ ಟೆಸ್ಟ್‌ಗೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಇಗ್ನಿಷನ್ ಕಡಿದು, ಆಕ್ಸಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೆ ಐದಾರು ಸುತ್ತು ಕ್ರ್ಯಾಂಕ್ ಮಾಡಿದರೆ ಸಾಕು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಇವನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ‘ದುರಸ್ತಿಗೆ ಮೊದಲು ಪರೀಕ್ಷೆಯ ಫಲಿತಾಂಶ ನಮೂದಿಸಿ ಗ್ರಾಹಕರ ಒಪ್ಪಿಗೆ ಪಡೆಯಲಾಗುವುದು’ ಎಂದು ನಿಮ್ಮ ಜಾಬ್ ಕಾರ್ಡಿನ ಹಿಂಬದಿಯಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ನನ್ನ ಕಾರ್ಡಿನಲ್ಲಿ ಆ ಕಾಲಂ ಖಾಲಿ ಇದೆ.

ಎಸ್ಟಿಮೇಟನ್ನೂ ಓದಿ ನೋಡಿ. ಅದರಲ್ಲಿ ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ತಳ ಉಜ್ಜಿ ಸಮ ಮಾಡುವ ಕೆಲಸ, ಆಗಲೇ ಸೇರಿಸಿದ್ದಾರೆ. ಹೆಡ್ ಬಿಚ್ಚಿ, ಸ್ಟ್ರೇಟ್ ಎಡ್ಜ್ ಇಟ್ಟು, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ತೂರಿಸಿ ನೋಡದೆ ಅದು ಬಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. 0.05 ಮಿ.ಮೀ. ಆಸುಪಾಸಿನ ಅಳತೆಯ ಮಾತದು. ಅಳೆಯುವ ಮೊದಲೇ ಉಜ್ಜುವುದು ನಿಶ್ಚಯವಾಗಿದೆ. ಆದರೆ ಹೆಡ್ ಬೋಲ್ಟ್‌ಗಳು ಪಟ್ಟಿಯಲ್ಲೇ ಇಲ್ಲ. ಈ ಇಂಜಿನ್ನಿನ ಬೋಲ್ಟ್‌ಗಳು ಒಮ್ಮೆ ಬಿಗಿದರೆ ಎಳೆದುಕೊಂಡು ಉದ್ದವಾಗುವ ಜಾತಿಯವು, ಬಿಚ್ಚಿದರೆ ಹೊಸವನ್ನೇ ಹಾಕಬೇಕು. ಹಳೆಯವನ್ನೇ ಬಿಗಿದಿದ್ದರೆ ಸರಿಯಿದ್ದ ಗ್ಯಾಸ್ಕೆಟ್ ತೆಗೆದು ಹಾಳಾಗುವ ಗ್ಯಾಸ್ಕೆಟ್ ಕೂರಿಸಿದಂತಾಗುತ್ತಿತ್ತು.

ನನ್ನನ್ನು ಅತಿ ಹೆಚ್ಚು ನೋಯಿಸಿದ್ದು ಮನೆಗೆ ಬಂದು ಕಾಗದಗಳನ್ನು ತೆರೆದಾಗ ಕಂಡದ್ದು. ಬಿಲ್ಲಿನ ಹಿಂದೆ ಪಿನ್ ಮಾಡಿದ್ದ ಸ್ಕ್ಯಾನ್ ಪ್ರಿಂಟ್‌ನಲ್ಲಿ ಪಿ0480 ಎಂಬ ಕೋಡ್ ಇತ್ತು. ಕೂಲಿಂಗ್ ಫ್ಯಾನಿನ ಕಂಟ್ರೋಲ್ ಸರ್ಕ್ಯೂಟ್‌ನಲ್ಲಿ ದೋಷ ಎಂದು ಅದರ ಅರ್ಥ. ಅದರ ಕೆಳಗೆ, ಕೋಡ್ ದಾಖಲಾದ ಕ್ಷಣದ ಅಳತೆ ಹಿಡಿದಿಡುವ ಫ್ರೀಜ್ ಫ್ರೇಮ್‌ನಲ್ಲಿ ವೇಗ 0, ಕೂಲಂಟ್ 98 ಡಿಗ್ರಿ, ಅಂದರೆ ಗಾಡಿ ನಿಂತಿದೆ, ಫ್ಯಾನ್ ತಿರುಗಬೇಕಾದ ಹೊತ್ತು. ಕೋಡ್ ಬಂದ ಮಾತ್ರಕ್ಕೆ ಇಂಥ ಭಾಗವೇ ಕೆಟ್ಟಿದೆ ಎಂದು ಹೇಳಲಾಗದು: ವೈರ್ ಇರಬಹುದು, ಕನೆಕ್ಟರ್ ಇರಬಹುದು, ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್, ಅಂದರೆ ರಿಲೇ ಇರಬಹುದು. ಆದರೆ ಎಲ್ಲಿ ಹುಡುಕಬೇಕು ಎಂದು ಅದು ಹೇಳಿತ್ತು. ಆ ಹುಡುಗ ಓದಿದ್ದೂ ಅದನ್ನೇ. ಫೋನ್ ಮಾಡಿ ಕೇಳಿದ್ದಕ್ಕೆ ಅಡ್ವೈಸರ್ ಕೊಟ್ಟ ಉತ್ತರ: “ಅದು ಹಳೇ ಕೋಡ್ ಐತ್ರಿ, ಡಿಲೀಟ್ ಮಾಡೇವಿ.” ಕಾರಣ ಹುಡುಕದೆ ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಅಳಿಯುತ್ತದೆ, ಮುಂದೆ ನೋಡುವ ಮೆಕ್ಯಾನಿಕ್‌ಗೆ ಕುರುಹೇ ಉಳಿಯುವುದಿಲ್ಲ. ಆ ಪ್ರಿಂಟ್ ತಪ್ಪಿ ನನ್ನ ಬಿಲ್ಲಿಗೆ ಸೇರದಿದ್ದರೆ ನನಗೂ ಉಳಿಯುತ್ತಿರಲಿಲ್ಲ.

ನಾನಾ ಪೇಠದ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ ಮರುದಿನ ನಡೆದದ್ದನ್ನೂ ಬರೆಯುತ್ತೇನೆ. ಎಸಿ ಹಾಕಿದರು, ಫ್ಯಾನ್ ತಿರುಗಲಿಲ್ಲ. 30 ಆಂಪಿಯರ್ ಫ್ಯೂಸ್ ಸರಿಯಿತ್ತು. ಫ್ಯಾನ್ ರಿಲೇ ಕಿತ್ತು, ಸಾಕೆಟ್ಟಿನಲ್ಲಿ ಕರೆಂಟ್ ಒಳಬರುವ 30 ಮತ್ತು ಫ್ಯಾನಿಗೆ ಹೋಗುವ 87ನೇ ಪಿನ್ನುಗಳ ಜಾಗಕ್ಕೆ ಫ್ಯೂಸ್ ಇರುವ ವೈರ್ ಕೊಟ್ಟಾಗ ಫ್ಯಾನ್ ತಿರುಗಿತು, ಅಂದರೆ ಮೋಟರ್ ಸರಿ. ಅದೇ ಪಾರ್ಟ್ ನಂಬರಿನ ಹಾರ್ನ್ ರಿಲೇ ತಂದು ಕೂರಿಸಿದಾಗ ಫ್ಯಾನ್ ತಾನೇ ಓಡಿತು, ಹಾರ್ನ್ ಬಂದ್. ಹಳೆಯ ರಿಲೇಯಲ್ಲಿ ಕಾಯಿಲ್‌ನ ಎರಡು ತುದಿಯಾದ 85–86ರ ನಡುವೆ ಮೀಟರ್ ಇಟ್ಟರೆ ಕಾಯಿಲ್ ಓಪನ್, ಅಂದರೆ ಒಳಗೆ ತುಂಡಾಗಿದೆ. ಹೊಸ ರಿಲೇ 320 ರೂಪಾಯಿ, ಕೂಲಿ 200. ನನ್ನ ಸಮಾಧಾನಕ್ಕೆ ಬ್ಲಾಕ್ ಟೆಸ್ಟ್ ಮತ್ತು ಕಂಪ್ರೆಷನ್ ಟೆಸ್ಟ್ ಎರಡನ್ನೂ ದುಡ್ಡು ಕೊಟ್ಟು ಮಾಡಿಸಿದೆ. ದ್ರವ ನೀಲಿಯಾಗಿಯೇ ಉಳಿಯಿತು. ಕಂಪ್ರೆಷನ್ 182, 180, 184, 179 ಪಿಎಸ್‌ಐ, ನಾಲ್ಕೂ ಹೆಚ್ಚುಕಡಿಮೆ ಒಂದೇ. ಆಮೇಲೆ ಗಾಡಿ 900 ಕಿ.ಮೀ. ಓಡಿದೆ, ಸತಾರಾಕ್ಕೆ ಎರಡು ಸಲ ಹೋಗಿ ಬಂದಿದೆ. ಸೂಜಿ ಅಲುಗಿಲ್ಲ, ಕೂಲಂಟ್ ಇಳಿದಿಲ್ಲ, ಮುಚ್ಚಳದ ಕೆನೆ ಹೋಗಿದೆ.

ಇಷ್ಟಾದರೂ ನಿಮ್ಮ ಕಂಪ್ಯೂಟರಿನ ಸರ್ವಿಸ್ ಹಿಸ್ಟರಿಯಲ್ಲಿ ನನ್ನ ಗಾಡಿಯ ಮುಂದೆ ‘ಹೆಡ್ ಗ್ಯಾಸ್ಕೆಟ್ ದೋಷ, ಗ್ರಾಹಕರಿಂದ ದುರಸ್ತಿ ನಿರಾಕರಣೆ’ ಎಂದೇ ಇದೆ. ನಾಳೆ ಮಾರಲು ಹೋದರೆ ಕೊಳ್ಳುವವರು ಮೊದಲು ನೋಡುವುದು ಅದನ್ನೇ. 1,770 ರೂಪಾಯಿಗಿಂತ ಈ ಒಂದು ಸಾಲು ನನಗೆ ದೊಡ್ಡ ನಷ್ಟ.

ಆ ಸಾಲನ್ನು ತೆಗೆದು ‘ಫ್ಯಾನ್ ರಿಲೇ ದೋಷ’ ಎಂದು ತಿದ್ದಿ ಅದರ ಪ್ರತಿ ಕಳಿಸಬೇಕು. ಮಾಡದ ತಪಾಸಣೆಗೆ ತೆಗೆದುಕೊಂಡ 1,770 ರೂಪಾಯಿ ಹಿಂದಿರುಗಿಸಬೇಕು. ಹತ್ತು ಜನರ ಎದುರು ಆಡಿದ ಮಾತಿಗೆ ಅಡ್ವೈಸರ್ ಲಿಖಿತವಾಗಿ ಕ್ಷಮೆ ಕೇಳಬೇಕು. ಆ ಹುಡುಗನಿಗೆ ಇದರಿಂದ ತೊಂದರೆಯಾದರೆ ಅದನ್ನೂ ನಿಮ್ಮ ಮೇಲೆಯೇ ಬರೆಯುತ್ತೇನೆ.

ಪತ್ರ ತಲುಪಿದ 15 ದಿನ ಕಾಯುತ್ತೇನೆ. ಆಮೇಲೆ ಫೋನ್ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಪುಣೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಇಲ್ಲಿನ ಆಯೋಗಕ್ಕೇ ಉತ್ತರ ಕೊಡಬೇಕಾಗುತ್ತದೆ. ಇಷ್ಟು ಮೊತ್ತಕ್ಕೆ ನನಗೆ ಶುಲ್ಕವೂ ಇಲ್ಲ. ಗೊತ್ತಿದ್ದ ಮಾಹಿತಿಯನ್ನು ಬೇಕೆಂದೇ ಗ್ರಾಹಕರಿಂದ ಮುಚ್ಚಿಡುವುದನ್ನು ಅದೇ ಕಾಯ್ದೆಯ 2(11) ಸೇವಾ ನ್ಯೂನತೆ ಎಂದು ಕರೆಯುತ್ತದೆ. ಪಿ0480 ಇರುವ ಪ್ರಿಂಟ್, ಖಾಲಿ ಕಾಲಂನ ಜಾಬ್ ಕಾರ್ಡ್, ಎಸ್ಟಿಮೇಟ್, ಎರಡೂ ಟೆಸ್ಟ್‌ಗಳ ರಸೀದಿ ಇವುಗಳ ನಕಲು ಈ ಪತ್ರದ ಜೊತೆಗಿವೆ. ಮೂಲ ಪ್ರತಿಗಳೂ, ಆ ಸುಟ್ಟ ರಿಲೇಯೂ ನನ್ನ ಬಳಿ ಇವೆ. ಎರಡನ್ನೂ ಆಯೋಗದ ಮೇಜಿನ ಮೇಲೆ ಇಡುತ್ತೇನೆ, ಮನೆಯ ಗಂಡಸರನ್ನು ಕಳಿಸುವುದಿಲ್ಲ, ನಾನೇ ಬರುತ್ತೇನೆ.

ಇಂತಿ,
ಜಾಬ್ ಕಾರ್ಡಿನಲ್ಲಿ ಹೆಸರಿರುವ ಗಾಡಿಯ ಮಾಲೀಕಳು
ಪುಣೆ