ಸಂತರ ಹಬ್ಬಕ್ಕೆ ‘ಜಯಂತಿ’ ಎನ್ನುವುದು ಬೇಡ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ‘ದಿನ ವಿಶೇಷ’ ಅಂಕಣದಲ್ಲೂ ಚರ್ಚ್ ಹಬ್ಬಗಳ ವರದಿಯಲ್ಲೂ ‘ಸಂತ ಅಂತೋಣಿ ಜಯಂತಿ’ ಎಂಬಂಥ ಮಾತು ಆಗಾಗ ಅಚ್ಚಾಗುತ್ತದೆ. ಕಥೋಲಿಕ ಸಂತರ ಹಬ್ಬ ಸಾಮಾನ್ಯವಾಗಿ ಅವರು ಹುಟ್ಟಿದ ದಿನದ್ದಲ್ಲ, ತೀರಿಕೊಂಡ ದಿನದ್ದು. ಇಲ್ಲಿಯ ಬಾಳು ಮುಗಿದ ದಿನವೇ ಸ್ವರ್ಗದಲ್ಲಿ ಹುಟ್ಟಿದ ದಿನ ಎಂಬುದು ನಂಬಿಕೆ. ಎರಡನೆಯ ಶತಮಾನದಲ್ಲಿ ಸ್ಮಿರ್ನಾದ ಧರ್ಮಾಧ್ಯಕ್ಷ (ಬಿಷಪ್) ಪಾಲಿಕಾರ್ಪ್ ರಕ್ತಸಾಕ್ಷಿಯಾದಾಗ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟಾಗ, ಅಲ್ಲಿನ ಕ್ರೈಸ್ತರು ಬರೆದ ಪತ್ರದಲ್ಲೇ ಆ ಸಾವಿನ ದಿನವನ್ನು ‘ಜನ್ಮದಿನ’ ಎಂದು ಕರೆದಿದ್ದಾರೆ. ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಮಂತ್ರಾಲಯದ ರಾಯರ ಆರಾಧನೆ ಅವರು ವೃಂದಾವನ ಪ್ರವೇಶಿಸಿದ ತಿಥಿಯದು, ಕಲಬುರಗಿಯ ಬಂದೇನವಾಜರ ಉರುಸು ಅವರ ಮರಣದ ನೆನಪಿನದು. ಅವಕ್ಕೆ ಯಾರೂ ಜಯಂತಿ ಎನ್ನುವುದಿಲ್ಲ. ಸಂತರ ದಿನಕ್ಕೂ ‘ಹಬ್ಬ’ ಅಥವಾ ‘ಸ್ಮರಣೆ’ ಎಂದರೆ ಸಾಕು. ‘ಪುಣ್ಯತಿಥಿ’ಯೂ ಒಗ್ಗುವುದಿಲ್ಲ, ಅದರಲ್ಲಿ ಶೋಕದ ಛಾಯೆಯಿದೆ.

ಹುಟ್ಟಿದ ದಿನವನ್ನು ಆಚರಿಸುವುದು ಮೂವರಿಗೆ ಮಾತ್ರ: ಡಿಸೆಂಬರ್ 25 ಯೇಸುವಿನದು, ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರದು, ಜೂನ್ 24 ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬವೂ ಕರಾವಳಿಯ ಮೊಂತಿ ಹಬ್ಬವೂ ಈ ಸೆಪ್ಟೆಂಬರ್ 8ರವೇ. ಇಲ್ಲಿ ‘ಜನ್ಮದಿನ’ ಎಂದು ಬರೆದರೆ ಸರಿಯೇ.

ಮದರ್ ತೆರೇಸಾ ಹುಟ್ಟಿದ್ದು 1910ರ ಆಗಸ್ಟ್ 26ರಂದು, ತೀರಿಕೊಂಡದ್ದು 1997ರ ಸೆಪ್ಟೆಂಬರ್ 5ರಂದು. 2016ರ ಸೆಪ್ಟೆಂಬರ್ 4ರಂದು ಸಂತ ಪದವಿ ಸಿಕ್ಕಿತು. ಮೂರು ತಾರೀಖುಗಳಲ್ಲಿ ಹಬ್ಬ ಸೆಪ್ಟೆಂಬರ್ 5ರದು. ಶಿಕ್ಷಕರ ದಿನದ ಸುದ್ದಿಗಳ ನಡುವೆ ಇದು ಕಳೆದುಹೋಗುವುದೇ ಹೆಚ್ಚು. ಕೆನರಾದಲ್ಲಿ ದುಡಿದು ಆಮೇಲೆ ಶ್ರೀಲಂಕಾಕ್ಕೆ ಹೋದ ಸಂತ ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವೆಯಲ್ಲಿ ಹುಟ್ಟಿದರು, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಹಬ್ಬ ಜನವರಿ 16ಕ್ಕೆ.

ಹಾಗೆಂದು ವಿಶ್ವಕೋಶದಲ್ಲಿ ಮರಣದ ತಾರೀಖು ನೋಡಿ ಹಬ್ಬವನ್ನು ನಿರ್ಧರಿಸಿಬಿಡಲಾಗದು. ಅಸಿಸಿಯ ಫ್ರಾನ್ಸಿಸ್ 1226ರ ಅಕ್ಟೋಬರ್ 3ರ ಸಂಜೆ ತೀರಿಕೊಂಡರು. ಸೂರ್ಯ ಮುಳುಗಿದ ಮೇಲೆ ಮರುದಿನವೆಂದು ಎಣಿಸುತ್ತಿದ್ದುದರಿಂದ ಹಬ್ಬ 4ಕ್ಕೆ ಬಂತು. ಆವಿಲಾದ ತೆರೇಸಾರದು ಇನ್ನೂ ವಿಚಿತ್ರ. ಅವರು ಕೊನೆಯುಸಿರೆಳೆದದ್ದು 1582ರ ಅಕ್ಟೋಬರ್ 4ರ ರಾತ್ರಿ. ಪಂಚಾಂಗ ಸುಧಾರಣೆಯಿಂದ ಹತ್ತು ದಿನ ಬಿಟ್ಟುಹೋಗಿ, ಬೆಳಗಾದಾಗ ಅಕ್ಟೋಬರ್ 15 ಆಗಿತ್ತು. ಹಬ್ಬವೂ ಅಂದೇ. ಲಿಸ್ಯೂದ ತೆರೇಸಾ 1897ರ ಸೆಪ್ಟೆಂಬರ್ 30ರಂದು ತೀರಿಕೊಂಡರೂ ಆ ದಿನ ಸಂತ ಜೆರೋಮರಿಗೆ ಸೇರಿದ್ದರಿಂದ ಅವರ ಹಬ್ಬ ಅಕ್ಟೋಬರ್ 1ಕ್ಕೆ. ಎರಡನೆಯ ಜಾನ್ ಪಾಲ್ ತೀರಿಕೊಂಡದ್ದು 2005ರ ಏಪ್ರಿಲ್ 2ರಂದು. ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೋ ಪಾಸ್ಕದ (ಈಸ್ಟರ್) ವಾರಕ್ಕೋ ಸಿಕ್ಕಿಬೀಳುವ ತಾರೀಖು, ಸಂತರ ಹಬ್ಬಕ್ಕೆ ಒಗ್ಗುವುದಿಲ್ಲ. ಹಾಗಾಗಿ ಅವರಿಗೆ ಅಕ್ಟೋಬರ್ 22, ಅಂದರೆ 1978ರಲ್ಲಿ ಪೋಪ್ ಆಗಿ ಸೇವೆ ಆರಂಭಿಸಿದ ದಿನ, ಗೊತ್ತುಮಾಡಲಾಗಿದೆ.

ಗೊತ್ತುಮಾಡಿದ ತಾರೀಖೂ ಕೆಲವು ವರ್ಷ ಸರಿಯುತ್ತದೆ. ಸಂತ ಜೋಸೆಫರ ಮಹೋತ್ಸವ ಮಾರ್ಚ್ 19ಕ್ಕೆ. 2023ರಲ್ಲಿ ಅದು ತಪಸ್ಸುಕಾಲದ ಭಾನುವಾರ ಬಿದ್ದದ್ದರಿಂದ 20ಕ್ಕೆ ಹೋಯಿತು. 2022ರಲ್ಲಿ ಯೇಸುವಿನ ಪವಿತ್ರ ಹೃದಯದ ಮಹೋತ್ಸವ ಜೂನ್ 24ಕ್ಕೇ ಬಂದು, ಸ್ನಾನಿಕ ಯೊವಾನ್ನರ ಜನನದ ಹಬ್ಬ ಒಂದು ದಿನ ಮೊದಲೇ ನಡೆಯಿತು. ಹಾಗಾಗಿ ಹಳೆಯ ವರ್ಷದ ಪಟ್ಟಿಯನ್ನು ನಕಲು ಮಾಡದೆ ಆಯಾ ವರ್ಷದ ಆರಾಧನಾ ಪಂಚಾಂಗ ನೋಡಬೇಕು. ಅದು ಪ್ರತಿ ಚರ್ಚ್‌ನ ಗುರುಗಳ ಬಳಿ ಇರುತ್ತದೆ, ಒಂದು ಫೋನ್ ಕರೆ ಸಾಕು.

ಊರಿನ ಹಬ್ಬ ಬೇರೆ ಲೆಕ್ಕದ್ದು. ಸಂತ ಲಾರೆನ್ಸ್ 258ರಲ್ಲಿ ರೋಮ್‌ನಲ್ಲಿ ರಕ್ತಸಾಕ್ಷಿಯಾದವರು, ಅವರ ಹಬ್ಬ ಆಗಸ್ಟ್ 10. ಕಾರ್ಕಳದ ಅತ್ತೂರಿನಲ್ಲಿ ಜನ ಸೇರುವ ವಾರ್ಷಿಕ ಮಹೋತ್ಸವ ಜನವರಿಯಲ್ಲಿ. ಎರಡೂ ಸರಿ, ಆದರೆ ಜನವರಿಯ ವರದಿಯಲ್ಲಿ ‘ಸಂತ ಲಾರೆನ್ಸರು ಹುತಾತ್ಮರಾದ ದಿನ’ ಎಂದು ಸೇರಿಸಿದರೆ ತಪ್ಪಾಗುತ್ತದೆ.

ನೊವೆನಾದ ಎಣಿಕೆಯಲ್ಲೂ ಎಡವುವುದುಂಟು. ಒಂಬತ್ತು ದಿನದ ಪ್ರಾರ್ಥನೆ ಹಬ್ಬದ ಮುನ್ನಾದಿನ ಮುಗಿಯಬೇಕು, ಹಬ್ಬದ ದಿನ ಲೆಕ್ಕಕ್ಕೆ ಬರುವುದಿಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ, ಜೂನ್ 13ರ ಸಂತ ಅಂತೋಣಿ ಹಬ್ಬಕ್ಕೆ ಜೂನ್ 4ರಿಂದ 12ರವರೆಗೆ. ಆಗಸ್ಟ್‌ನಲ್ಲಿ 31 ದಿನ ಎಂಬುದನ್ನು ಮರೆತರೆ ಒಂದು ದಿನ ತಪ್ಪುತ್ತದೆ.

ಇನ್ನು, ಸಂತರ ಹಬ್ಬದ ವರದಿಯಲ್ಲಿ ‘ಅವರ ಆತ್ಮಕ್ಕೆ ಶಾಂತಿ ಕೋರಲಾಯಿತು’ ಎಂದು ದಯವಿಟ್ಟು ಬರೆಯಬೇಡಿ. ಸಂತರಿಗಾಗಿ ಯಾರೂ ಪ್ರಾರ್ಥಿಸುವುದಿಲ್ಲ, ನಮಗಾಗಿ ಪ್ರಾರ್ಥಿಸಿ ಎಂದು ಅವರನ್ನು ಬೇಡುತ್ತಾರೆ. ಸತ್ತವರಿಗಾಗಿ ಪ್ರಾರ್ಥಿಸುವ ದಿನ ನವೆಂಬರ್ 2. ಅದರ ಹಿಂದಿನ ದಿನ ಸಕಲ ಸಂತರ ಹಬ್ಬ. ಅಕ್ಕಪಕ್ಕದಲ್ಲಿರುವುದರಿಂದ ಇವೆರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

ಕೊನೆಗೆ ಚಿತ್ರಗಳ ವಿಷಯ. ಒಂದೇ ಹೆಸರಿನ ಸಂತರು ಹಲವರಿದ್ದಾರೆ. ತೋಳಲ್ಲಿ ಬಾಲಯೇಸು, ಕೈಯಲ್ಲಿ ಲಿಲ್ಲಿ ಹೂ ಇದ್ದರೆ ಪಾದುವಾದ ಅಂತೋಣಿ. ಉದ್ದ ಗಡ್ಡ, ಕೋಲು, ಕಾಲ ಬಳಿ ಹಂದಿ ಇದ್ದರೆ ಜನವರಿ 17ರ ಮಠಾಧಿಪತಿ ಅಂತೋಣಿ. ಶಿಲುಬೆಯ ಜತೆ ಗುಲಾಬಿ ಹಿಡಿದವರು ಲಿಸ್ಯೂದ ತೆರೇಸಾ, ಲೇಖನಿ ಮತ್ತು ಪುಸ್ತಕ ಹಿಡಿದವರು ಆವಿಲಾದವರು. ಗೋವೆಯಲ್ಲಿ ಶರೀರವಿರುವ ಫ್ರಾನ್ಸಿಸ್ ಝೇವಿಯರ್ ಹಬ್ಬ ಡಿಸೆಂಬರ್ 3ಕ್ಕೆ. ಅಂದು ಹಕ್ಕಿಗಳ ನಡುವೆ ನಿಂತ ಫ್ರಾನ್ಸಿಸರ ಚಿತ್ರ ಹಾಕಿದರೆ ಅದು ಅಸಿಸಿಯವರದಾಗುತ್ತದೆ.

— ಓದುಗ, ಮಂಗಳೂರು